ತಲೆಯ ಮೇಲೊಂದು ಬಾವಿ



ಮುಂದಾಲೋಚನೆ ಇಲ್ಲದವರನ್ನು ಕಂಡರೆ ನಮ್ಮ ಹಿರಿಯರು "ಬೆಂಕಿ ಬಿದ್ದಾಗ ಬಾವಿ ತೋಡಿದರು" ಎಂದು ಆಡಿಕೊಳ್ಳುತ್ತಿದ್ದರು. ಈ ದೇಶದವರು ಆ ಮಾತು ಬರದಂತೆ ಬಾವಿಯನ್ನು ಮೊದಲೇ ತೋಡಿ, ಅದನ್ನು ಕೊಳವೆಗಳಲ್ಲಿ ತುಂಬಿ, ನಮ್ಮ ತಲೆಯ ಮೇಲೆ ಸೀಲಿಂಗಿಗೆ ಸಿಕ್ಕಿಸಿಬಿಟ್ಟಿದ್ದಾರೆ. ಅದಕ್ಕೆ ಸ್ಪ್ರಿಂಕ್ಲರ್ ಎಂದು ಹೆಸರು. ಮಕ್ಕಳು ಮನೆ ಬಿಟ್ಟು ಹೋದ ಮೇಲೆ, ಹಿಮ ಗೋರುವ ಚಾಕರಿ ಸಾಕಾಗಿ, ದೊಡ್ಡ ಮನೆ ಮಾರಿ ಕಾಂಡೋಗೆ ಬರುತ್ತಿರುವ ಕುಟುಂಬಗಳು ನಮ್ಮ ಸಂಘದಲ್ಲಿ ವರ್ಷವರ್ಷಕ್ಕೆ ಹೆಚ್ಚುತ್ತಿವೆ. ಅವರಲ್ಲಿ ಕೆಲವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: "ಒಗ್ಗರಣೆ ಹಾಕಿದರೆ ಇದು ಸುರಿಯುತ್ತದೆಯೇ ಡಾಕ್ಟರೇ?" ವೈದ್ಯರಾದವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದು ನಮ್ಮವರ ನಂಬಿಕೆ. ಈ ವಿಷಯದಲ್ಲಿ ಮಾತ್ರ ನಮಗೆ ಸ್ವಲ್ಪ ಗೊತ್ತಿದೆ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ನಾವು ಬ್ರಾಂಪ್ಟನ್ನಿನ ಮನೆ ಮಾರಿ ಮಿಸ್ಸಿಸಾಗದ ಸ್ಕ್ವೇರ್ ಒನ್ ಹತ್ತಿರ ಹನ್ನೊಂದನೇ ಮಹಡಿಗೆ ಬಂದದ್ದು 2016ರಲ್ಲಿ. ಅದರ ಹಿಂದೆಯೇ ಮೈಸೂರಿನಿಂದ ಅಮ್ಮ ಬಂದರು. ಬಂದ ಮೊದಲ ದಿನ ಸೋಫಾದ ಮೇಲೆ ಒರಗಿಕೊಂಡು ಮೇಲೆ ನೋಡಿ, "ಇದೇನೋ, ನಿಮ್ಮ ಸೀಲಿಂಗಿಗೆ ಯಾರೋ ಮೂಗುಬೊಟ್ಟು ಚುಚ್ಚಿದ್ದಾರಲ್ಲ" ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬಿಳಿಯ ಲೋಹದ ಚೌಕಟ್ಟು, ನಡುವೆ ಕೆಂಪು ಹರಳಿನಂಥ ಪುಟ್ಟ ಗಾಜಿನ ಕೊಳವೆ. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಮೂಗುಬೊಟ್ಟು ಎಂದೇ ಹೆಸರು. ನಮ್ಮಲ್ಲಿ ಒಟ್ಟು ಏಳು ಮೂಗುಬೊಟ್ಟುಗಳಿವೆ. ಲೆಕ್ಕ ಮಾಡಿದವರೂ ಅಮ್ಮನೇ.

ಆ ಕೆಂಪು ಹರಳಿನಲ್ಲಿರುವುದು ಬಣ್ಣ ಬೆರೆಸಿದ ಒಂದು ದ್ರವ, ಜೊತೆಗೆ ಒಂದು ಸಣ್ಣ ಗಾಳಿಗುಳ್ಳೆ. ಬಿಸಿಯಾದಂತೆ ದ್ರವ ಹಿಗ್ಗುತ್ತದೆ. ಕೆಂಪಿನದು ಸುಮಾರು 68 ಡಿಗ್ರಿ ಸೆಲ್ಸಿಯಸ್‌ಗೆ ಗಾಜನ್ನು ಒಡೆಯುತ್ತದೆ. ಕಿತ್ತಳೆಯದು 57ಕ್ಕೆ, ಹಳದಿಯದು 79ಕ್ಕೆ, ಹಸಿರಿನದು 93ಕ್ಕೆ. ಆ ಗಾಜು ತಡೆಹಿಡಿದಿದ್ದ ಬಿರಡೆ ಕಳಚಿ, ಹಿಂದೆ ಒತ್ತಡದಲ್ಲಿ ಕಾದಿದ್ದ ನೀರು ಹೊರಗೆ ನುಗ್ಗಿ, ಕೆಳಗಿನ ಹಲ್ಲುಹಲ್ಲಿನ ತಟ್ಟೆಗೆ ಬಡಿದು ಕೊಡೆಯಂತೆ ಹರಡುತ್ತದೆ. ವಿದ್ಯುತ್ತು ಬೇಡ, ಕಂಪ್ಯೂಟರು ಬೇಡ, ಯಾರೂ ಗುಂಡಿ ಒತ್ತಬೇಕಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಅದು ಹೊಗೆಯನ್ನು ಮೂಸುವುದಿಲ್ಲ, ಬಿಸಿಯನ್ನು ಮಾತ್ರ ಅರಿಯುತ್ತದೆ. ಆದ್ದರಿಂದ ಒಗ್ಗರಣೆ, ಊದುಬತ್ತಿ, ಕರ್ಪೂರದಾರತಿ, ಕುಕ್ಕರಿನ ಆವಿ ಯಾವುದಕ್ಕೂ ಅದು ಸುರಿಯುವುದಿಲ್ಲ. ಕೂಗುವುದು ಹೊಗೆಯ ಅಲಾರಮ್ಮು. ಅವನು ಬೇರೆ, ಇವನು ಬೇರೆ. ಇನ್ನೊಂದು ತಪ್ಪು ಕಲ್ಪನೆ ಸಿನಿಮಾದವರು ಬಿತ್ತಿದ್ದು. ನಾಯಕ ಬೆಂಕಿಕಡ್ಡಿ ಗೀಚಿ ಮೇಲೆ ಹಿಡಿದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ, ವಿಲನ್ನು ಜಾರಿ ಬೀಳುತ್ತಾನೆ. ನಮ್ಮ ಮನೆಗಳಲ್ಲಿ ಹಾಗಿಲ್ಲ. ಯಾವ ಹರಳಿಗೆ ಬಿಸಿ ತಾಕಿತೋ ಅದೊಂದೇ ಒಡೆಯುತ್ತದೆ. ಮಿಕ್ಕವು ತಮ್ಮ ಸರದಿಗೆ ಕಾಯುತ್ತವೆ, ಬಹಳ ಸಲ ಆ ಸರದಿ ಬರುವುದೇ ಇಲ್ಲ.

ಮೊದಲ ಸ್ವಯಂಚಾಲಿತ ಸ್ಪ್ರಿಂಕ್ಲರನ್ನು ಮಾಡಿದವರು ಅಮೆರಿಕದ ನ್ಯೂ ಹೇವನ್‌ನ ಹೆನ್ರಿ ಪಾರ್ಮಲೀ ಎಂಬುವರು, 1874ರಲ್ಲಿ. ಅವರದು ಪಿಯಾನೋ ಕಾರ್ಖಾನೆ. ಒಣಗಿದ ಮರ, ವಾರ್ನಿಷು, ಅಂಟು ತುಂಬಿದ ಜಾಗವನ್ನು ಬೆಂಕಿಯಿಂದ ಉಳಿಸಿಕೊಳ್ಳಲು ಹೊರಟು ಅವರು ಇದನ್ನು ಕಂಡುಹಿಡಿದರು. ಮುಂದೆ ಫ್ರೆಡರಿಕ್ ಗ್ರಿನೆಲ್ ಎಂಬುವರು ಅದನ್ನು ಸುಧಾರಿಸಿದರು. ವಾದ್ಯಗಳನ್ನು ಕಾಪಾಡಲು ಹುಟ್ಟಿದ ಉಪಕರಣ ಇದು ಎಂಬುದನ್ನು ನಾವು ಓದಿದ್ದು ನಮ್ಮ ಮನೆಯ ವೀಣೆ ನೆನೆದ ಮೇಲೆ. ಆಗ ನಮ್ಮ ಮನೆಯವರ ಮುಂದೆ ಈ ಸಂಗತಿಯನ್ನು ಹೇಳುವ ಧೈರ್ಯ ನಮಗೆ ಬರಲಿಲ್ಲ.

ಒಂಟೇರಿಯೋದಲ್ಲಿ ಮೂರು ಮಹಡಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳಿಗೆ ಸ್ಪ್ರಿಂಕ್ಲರ್ ಕಡ್ಡಾಯವಾದದ್ದು 2010ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ, ನಮ್ಮಲ್ಲಿ ಅನೇಕರು ಈ ದೇಶಕ್ಕೆ ಬಂದ ಹೊಸತರಲ್ಲಿ ಬಾಡಿಗೆಗಿದ್ದ, ಅರವತ್ತು ಎಪ್ಪತ್ತರ ದಶಕದ ಗೋಪುರಗಳಲ್ಲಿ ಬಹುತೇಕ ಮನೆಗಳೊಳಗೆ ಇದು ಇಲ್ಲ. ನಾರ್ತ್ ಯಾರ್ಕಿನ ಫಾರೆಸ್ಟ್ ಲೇನ್‌ವೇ ಎಂಬಲ್ಲಿ 30 ಅಂತಸ್ತಿನ ಕಟ್ಟಡವೊಂದರಲ್ಲಿ 1995ರ ಜನವರಿ 6ರಂದು ಬೆಂಕಿ ಬಿತ್ತು. ಬೆಂಕಿ ಹತ್ತಿದ್ದು ಕೆಳಗಿನ ಮಹಡಿಯ ಒಂದು ಮನೆಯಲ್ಲಿ. ಸತ್ತ ಆರು ಜನ ಸಿಕ್ಕಿದ್ದು ಬಹಳ ಮೇಲೆ, ಮೆಟ್ಟಿಲ ದಾರಿಯಲ್ಲಿ. ಬೆಂಕಿ ಅವರನ್ನು ಮುಟ್ಟಿರಲೇ ಇಲ್ಲ, ಹೊಗೆ ಸಾಕಾಯಿತು. ನಮ್ಮ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಜನ ಹೋದರಲ್ಲ, ಅಲ್ಲಿಯೂ ಹೊಗೆಯೇ. ತಾಳಲಾರದೆ ಕಿಟಕಿಯಿಂದ ಹಾರಿದವರೂ ಇದ್ದರು. ಕ್ವಿಬೆಕ್‌ನ ಲೀಲ್ ವೆರ್ತ್ ಎಂಬ ಊರಿನ ವೃದ್ಧರ ವಸತಿಯಲ್ಲಿ 2014ರ ಜನವರಿ 23ರ ನಡುರಾತ್ರಿ 32 ಜನ ಸತ್ತರು. ಆ ಕಟ್ಟಡಕ್ಕೆ ಎರಡು ಭಾಗ. ಹಳೆಯದರಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ, ಅದು ಪೂರ್ತಿ ಉರಿದುಹೋಯಿತು. ಬೆಂಕಿತಡೆ ಗೋಡೆಯ ಆಚೆ, ಸ್ಪ್ರಿಂಕ್ಲರ್ ಇದ್ದ ಹೊಸ ಭಾಗ ನಿಂತಿತ್ತು.

ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಕೃಷ್ಣರಾಜೇಂದ್ರ ಆಸ್ಪತ್ರೆಯ ಸುಟ್ಟಗಾಯದ ರೋಗಿಗಳ ಹಾಸಿಗೆಗಳ ಬಳಿ ರಾತ್ರಿ ಪಾಳಿ ಮಾಡಿದ್ದೇವೆ. ಆಗ ಮನೆಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೌ. "ಸ್ಟೌ ಸಿಡಿಯಿತು" ಎಂದು ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲಿ ಎಷ್ಟು ಸ್ಟೌಗಳು ನಿಜವಾಗಿ ಸಿಡಿದವು ಎಂಬುದು ಬೇರೆ ಕತೆ. ಸೊಳ್ಳೆಪರದೆಯ ಅಡಿಯಲ್ಲಿ ಮಲಗಿ ನೀರು ನೀರು ಎನ್ನುತ್ತಿದ್ದ ಆ ದನಿಗಳನ್ನು ಕೇಳಿದವರು, ಸೀಲಿಂಗಿನಿಂದ ನೀರು ಬೀಳುವ ಸಾಧ್ಯತೆಯನ್ನು ಶಾಪವೆಂದು ಎಣಿಸಲಾರರು. ರೆಸಿಡೆನ್ಸಿಗೆಂದು ಈ ಕಡೆ ಬಂದ ಮೇಲೆ ತುರ್ತು ವಿಭಾಗದಲ್ಲಿ ನೋಡಿದ್ದು ಬೇರೆ ಬಗೆ. ಮೈಮೇಲೆ ಒಂದು ಗಾಯವಿಲ್ಲ, ಮೂಗಿನ ಹೊಳ್ಳೆಯಲ್ಲಿ ಮಸಿ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡು. ಹೊಗೆ ಕುಡಿದವರು.

ಇಷ್ಟು ಹೇಳಿದ ಮೇಲೆ ನೀರಿನ ಕತೆಗೆ ಬರುತ್ತೇವೆ.

2019ರ ನವೆಂಬರ್ ತಿಂಗಳ ಒಂದು ಭಾನುವಾರ ರಾತ್ರಿ ಒಂಬತ್ತರ ಸುಮಾರು. ನಮ್ಮ ಮೇಲಿನ ಮನೆಯಲ್ಲಿ ಮಗುವಿನ ಮೂರನೇ ಹುಟ್ಟುಹಬ್ಬ. ಒಳ್ಳೆಯ ಜನ, ಯಾವ ದೇಶದವರು, ಏನು ಹೆಸರು ಎಂಬುದು ಇಲ್ಲಿ ಬೇಡ. ಬಣ್ಣದ ಕಾಗದದ ಮಾಲೆಗಳನ್ನೂ ಬಲೂನುಗಳನ್ನೂ ಹಾಲಿನ ನಡುವೆ ಕಟ್ಟಬೇಕಿತ್ತು. ಸೀಲಿಂಗಿನಲ್ಲಿ ಕೊಕ್ಕೆಯಂತೆ ಕಂಡದ್ದು ಒಂದೇ. ನೈಲಾನ್ ದಾರದಿಂದ ಮೂಗುಬೊಟ್ಟಿಗೆ ಕಟ್ಟಿದ್ದರು. ಸಂಜೆಯೆಲ್ಲ ಏನೂ ಆಗಲಿಲ್ಲ. ಅತಿಥಿಗಳು ಹೋದ ಮೇಲೆ ಅಲಂಕಾರ ಬಿಚ್ಚುವಾಗ ಯಾರೋ ದಾರವನ್ನು ಜಗ್ಗಿದರು. ಗಾಜಿನ ಹರಳು ಬಿಸಿಗೆ ಒಡೆಯುವಷ್ಟೇ ಸುಲಭವಾಗಿ ಜಗ್ಗಾಟಕ್ಕೂ ಒಡೆಯುತ್ತದೆ.

ಒಂದು ಮೂಗುಬೊಟ್ಟಿನಿಂದ ನಿಮಿಷಕ್ಕೆ ಸುಮಾರು 50ರಿಂದ 100 ಲೀಟರ್ ನೀರು ಬರುತ್ತದೆ. ಎಂಬತ್ತು ಎಂದು ಇಟ್ಟುಕೊಳ್ಳಿ. ನಮ್ಮೂರ ಲೆಕ್ಕದಲ್ಲಿ ನಿಮಿಷಕ್ಕೆ ಐದು ಬಿಂದಿಗೆ. ಅದನ್ನು ಮನೆಯವರು ನಿಲ್ಲಿಸುವಂತಿಲ್ಲ. ನಿಮ್ಮ ಅಡಿಗೆಮನೆಯ ನಲ್ಲಿಯ ಕವಾಟಕ್ಕೂ ಇದಕ್ಕೂ ಸಂಬಂಧವಿಲ್ಲ. ಇದರ ಕವಾಟ ಮೆಟ್ಟಿಲ ದಾರಿಯಲ್ಲೋ ಕೆಳಗಿನ ಪಂಪು ಕೋಣೆಯಲ್ಲೋ ಇರುತ್ತದೆ. ಬೆಂಕಿ ಇಲ್ಲವೆಂದು ಖಚಿತವಾದ ಮೇಲೆ, ತಿಳಿದವರು ಬಂದು ಮುಚ್ಚಬೇಕು. ನಮ್ಮಲ್ಲಿ ಅದು ಮುಚ್ಚುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು. ಅಂದರೆ ನೂರು ಬಿಂದಿಗೆ. ಅದೂ ಎಂಥ ನೀರು ಅಂತೀರಿ! ಕಬ್ಬಿಣದ ಕೊಳವೆಯಲ್ಲಿ ವರ್ಷಗಟ್ಟಲೆ ನಿಂತು ಕಪ್ಪಾಗಿ, ಎಣ್ಣೆ ತುಕ್ಕು ಸೇರಿ ನಾರುವ ನೀರು. ಮೊದಲ ಕೆಲವು ನಿಮಿಷ ಅದೇ ಬರುತ್ತದೆ, ಆಮೇಲೆ ತಿಳಿಯಾಗುತ್ತದೆ.

ನೀರು ಹರಿದ ಕೂಡಲೇ ಕಟ್ಟಡದ ಅಲಾರಮ್ಮು ಹೊಡೆದುಕೊಂಡಿತು, ಲಿಫ್ಟುಗಳು ಕೆಳಗಿಳಿದು ನಿಂತವು. ನಮ್ಮ ಹಾಲಿನ ದೀಪದ ಸುತ್ತ ಮೊದಲು ಒಂದು ಕಂದು ಉಂಗುರ ಮೂಡಿತು, ಆಮೇಲೆ ಹನಿ, ಆಮೇಲೆ ಧಾರೆ, ಕೊನೆಗೆ ಸೀಲಿಂಗಿನ ಒಂದು ತುಂಡು ತೊಯ್ದ ಚಪಾತಿಯಂತೆ ಜೋತುಬಿದ್ದು ಸೋಫಾದ ಮೇಲೆ ಕುಸಿಯಿತು. ಅಮ್ಮನಿಗೆ ಆಗ 81 ವರ್ಷ, ವಾಕರ್ ಇಲ್ಲದೆ ನಡೆಯಲಾರರು. ಹನ್ನೊಂದು ಮಹಡಿ ಇಳಿಸುವುದು ಹೇಗೆ? ಬಾಗಿಲನ್ನು ಮುಟ್ಟಿ ನೋಡಿದೆವು, ತಣ್ಣಗಿತ್ತು. ಸ್ವಲ್ಪ ತೆರೆದು ನೋಡಿದರೆ ಓಣಿಯಲ್ಲಿ ಹೊಗೆ ಇಲ್ಲ, ವಾಸನೆ ಇಲ್ಲ. 911ಕ್ಕೆ ಫೋನು ಮಾಡಿ ಮಹಡಿ, ಮನೆ ಸಂಖ್ಯೆ, ನಡೆಯಲಾಗದ ಒಬ್ಬರಿದ್ದಾರೆ ಎಂಬುದನ್ನು ಹೇಳಿ, ಅವರು ಹೇಳಿದಂತೆ ಮನೆಯಲ್ಲೇ ಉಳಿದೆವು. ಅಮ್ಮನನ್ನು ಒಳಗಿನ ಮಲಗುವ ಕೋಣೆಯ ಬಾಗಿಲ ಬಳಿ ವಾಕರಿನ ಸೀಟಿನ ಮೇಲೆ ಕೂರಿಸಿದೆವು. ಅಲ್ಲೂ ತೊಟ್ಟಿಕ್ಕಲು ಶುರುವಾಯಿತು. ಅಗ್ನಿಶಾಮಕ ದಳದ ಇಬ್ಬರು ಒಳಗೆ ಬಂದಾಗ ಕಂಡದ್ದು, ಮನೆಯೊಳಗೆ ಕೊಡೆ ಬಿಚ್ಚಿ ಹಿಡಿದು ವಿಷ್ಣು ಸಹಸ್ರನಾಮ ಹೇಳುತ್ತಾ ಕೂತ ಅಜ್ಜಿಯನ್ನು. ಅವರಲ್ಲಿ ಹಿರಿಯವನು ಹೆಲ್ಮೆಟ್ಟು ತೆಗೆದು ನಮಸ್ಕಾರ ಮಾಡಿದ. "ಯಾರೋ ಸಂಭಾವಿತ ಹುಡುಗ" ಎಂದು ಅಮ್ಮ ಇಂದಿಗೂ ಹೇಳುತ್ತಾರೆ.

ನಮ್ಮ ಮನೆಯವರ ವೀಣೆ ಹಾಲಿನ ಮೂಲೆಯಲ್ಲಿತ್ತು. ಮೈಸೂರಿನಲ್ಲಿ ಮಾಡಿಸಿದ ಹಲಸಿನ ಮರದ್ದು, ಮದುವೆಗೆ ಮುಂಚೆ ಅವರ ತಂದೆ ಕೊಡಿಸಿದ್ದು. ವಿಮಾನದಲ್ಲಿ ಅದನ್ನು ಮಡಿಲ ಮಗುವಿನಂತೆ ತಂದದ್ದು ಒಂದು ಪುರಾಣ. ನಾವು ಅಮ್ಮನನ್ನು ಕೋಣೆಗೆ ಸಾಗಿಸುವಾಗ ಅದರ ಕಡೆ ನೋಡಲಾಗಲಿಲ್ಲ; ನೋಡಿದಾಗ ಮೇಲಿನ ಹೊದಿಕೆ ತೊಯ್ದು ಅಂಟಿಕೊಂಡಿತ್ತು. ಕೊಡದ ಬೆಸುಗೆ ಬಿಟ್ಟಿತು. ದಂಡಿಗೆ ವಾರದೊಳಗೆ ತಿರುಚಿಕೊಂಡಿತು. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳಲ್ಲಿ ಕೆಲವು ಎದ್ದುಬಂದವು. ಇನ್ಶೂರೆನ್ಸಿನ ಅಡ್ಜಸ್ಟರ್ ಬಂದು "ಇದು ಗಿಟಾರೇ?" ಎಂದು ಕೇಳಿ, ಅಂಥದೇ ಹೊಸದರ ಬೆಲೆ ಎಷ್ಟು ಎಂದು ಬರೆದುಕೊಂಡ. ಅವನ ಕೆಲಸ ಅವನು ಮಾಡಿದ, ತಪ್ಪು ಹೇಳುವಂತಿಲ್ಲ. ಹಣವೂ ಬಂತು. ಎರಡು ವರ್ಷದ ಮೇಲೆ ಮೈಸೂರಿಗೆ ಒಯ್ದು ರಿಪೇರಿ ಮಾಡಿಸಿದೆವು. ನುಡಿಯುತ್ತದೆ. ಮಂದ್ರದಲ್ಲಿ ಮೊದಲಿನ ನಾದ ಇಲ್ಲ ಎಂದು ನುಡಿಸುವವರು ಹೇಳುತ್ತಾರೆ. ನಮ್ಮ ಕಿವಿಗೆ ವ್ಯತ್ಯಾಸ ತಿಳಿಯದು, ಆ ಮಾತನ್ನು ಹೇಳದಿರುವಷ್ಟು ಸಂಸಾರಜ್ಞಾನ ನಮಗಿದೆ.

ಆ ಬಾರಿ ಒಟ್ಟು ಐದು ಮನೆಗಳಿಗೆ ನೀರು ಹೋಯಿತು. ಮೇಲಿನವರ ಪಾಡು ಎಲ್ಲರಿಗಿಂತ ಕಷ್ಟದ್ದಾಯಿತು. ಒಂಟೇರಿಯೋದ 1998ರ ಕಾಂಡೋಮಿನಿಯಂ ಕಾಯಿದೆಯ ಪ್ರಕಾರ ಕಟ್ಟಡಕ್ಕೆ ಕಾಂಡೋ ಸಂಸ್ಥೆಯ ವಿಮೆ ಇರುತ್ತದೆ. ಆದರೆ ಆ ವಿಮೆಗೆ ಡಿಡಕ್ಟಿಬಲ್ ಉಂಟು, ಅಂದರೆ ಮೊದಲ ಇಷ್ಟು ಸಾವಿರ ಡಾಲರನ್ನು ವಿಮಾ ಕಂಪನಿ ಕೊಡುವುದಿಲ್ಲ. ನೀರಿನ ಹಾನಿಗೆ ಅದು ಹತ್ತು ಸಾವಿರವಿರಬಹುದು, ಐವತ್ತು ಸಾವಿರವೂ ಇರಬಹುದು. ಒಬ್ಬ ಮಾಲೀಕ ಅಥವಾ ಅವನ ಬಾಡಿಗೆದಾರ ಮಾಡಿದ ಕೆಲಸದಿಂದ ಅವನ ಮನೆ ಹಾಳಾದರೆ, ರಿಪೇರಿಯ ಖರ್ಚು ಮತ್ತು ಡಿಡಕ್ಟಿಬಲ್ ಎರಡರಲ್ಲಿ ಕಡಿಮೆಯದನ್ನು ಸಂಸ್ಥೆ ಅವನ ಲೆಕ್ಕಕ್ಕೆ ಹಚ್ಚಬಹುದು. ಬೇರೆಯವರ ಮನೆಯ ಹಾನಿಗೂ ಇದು ಅನ್ವಯಿಸುವಂತೆ ಎಷ್ಟೋ ಕಟ್ಟಡಗಳು ಉಪನಿಯಮ ಮಾಡಿಕೊಂಡಿವೆ. ಇದಕ್ಕೆಂದೇ ಕಾಂಡೋ ಮಾಲೀಕರ ವಿಮೆಯಲ್ಲಿ ಒಂದು ಭಾಗ ಇರುತ್ತದೆ. ನಿಮ್ಮ ಪಾಲಿಸಿಯಲ್ಲಿ ಅದು ಎಷ್ಟಿದೆ, ನಿಮ್ಮ ಕಟ್ಟಡದ ನೀರಿನ ಡಿಡಕ್ಟಿಬಲ್ ಎಷ್ಟಿದೆ ಎಂಬ ಎರಡು ಅಂಕಿಗಳನ್ನು ಈ ವಾರವೇ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಚಿಕ್ಕದಾಗಿದ್ದರೆ ಏಜೆಂಟನಿಗೆ ಫೋನು ಮಾಡಿ. ಹೊಸ ನೆಲಹಾಸು, ಹೊಸ ಅಡಿಗೆಮನೆ ಹಾಕಿಸಿದ್ದರೆ ಅದೂ ಸಾಮಾನ್ಯವಾಗಿ ನಿಮ್ಮ ವಿಮೆಯ ಬಾಬತ್ತೇ.

ಬಾಡಿಗೆಗಿರುವ ಹುಡುಗ ಹುಡುಗಿಯರಿಗೆ, ವಿಶೇಷವಾಗಿ ಓದಲು ಬಂದವರಿಗೆ ಒಂದು ಮಾತು. "ನನ್ನ ಹತ್ತಿರ ಏನಿದೆ ಅಂಕಲ್, ಒಂದು ಲ್ಯಾಪ್‌ಟಾಪು, ಎರಡು ಜಾಕೆಟ್ಟು" ಎನ್ನುತ್ತೀರಿ. ಬಾಡಿಗೆದಾರರ ವಿಮೆ ನಿಮ್ಮ ಜಾಕೆಟ್ಟಿಗಾಗಿ ಅಲ್ಲ, ನಿಮ್ಮಿಂದ ಕೆಳಗಿನ ಐದು ಮನೆ ನೆನೆದರೆ ಬರುವ ಬಿಲ್ಲಿಗಾಗಿ. ಮನೆ ಬಿಟ್ಟು ಹೋಟೆಲಿನಲ್ಲಿ ಇರಬೇಕಾದ ಖರ್ಚನ್ನೂ ಬಹುಪಾಲು ಪಾಲಿಸಿಗಳು ಕೊಡುತ್ತವೆ. ತಿಂಗಳಿಗೆ ನಾಲ್ಕಾರು ಸಲದ ಕಾಫಿಯ ದುಡ್ಡು.

ನಮ್ಮ ಹಬ್ಬಗಳ ವಿಷಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾವು ಕನ್ನಡಿಗರು ಕಟ್ಟುವುದರಲ್ಲಿ ನಿಸ್ಸೀಮರು. ತೋರಣ ಕಟ್ಟುತ್ತೇವೆ, ಗಣೇಶನ ಮಂಟಪಕ್ಕೆ ಫಲಾವಳಿ ಕಟ್ಟುತ್ತೇವೆ, ನಾಮಕರಣಕ್ಕೆ ತೊಟ್ಟಿಲ ಮೇಲೆ ಹೂವಿನ ಸರ ಕಟ್ಟುತ್ತೇವೆ, ದೀಪಾವಳಿಗೆ ಮಿಣುಕು ದೀಪ. ಯಾವುದನ್ನೂ ಮೂಗುಬೊಟ್ಟಿಗೆ ಕಟ್ಟಬೇಡಿ, ಅದರ ಕೊಳವೆಗೂ ಕಟ್ಟಬೇಡಿ. ಇಸ್ತ್ರಿ ಮಾಡಿದ ಸೀರೆಯ ಹ್ಯಾಂಗರನ್ನು "ಒಂದೇ ನಿಮಿಷ" ಎಂದು ಅದಕ್ಕೆ ಸಿಕ್ಕಿಸುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂಟಿಸುವ ಕೊಕ್ಕೆಗಳು ಡಾಲರ್ ಅಂಗಡಿಯಲ್ಲೇ ಸಿಗುತ್ತವೆ, ಅವನ್ನು ಗೋಡೆಗೆ ಅಂಟಿಸಿಕೊಳ್ಳಿ. ದಸರಾ ಬೊಂಬೆ ಕೂರಿಸುವವರು ಮೇಲಿನ ಮೆಟ್ಟಿಲಿನ ಪಟ್ಟದ ಬೊಂಬೆಗೂ ಸ್ಪ್ರಿಂಕ್ಲರಿಗೂ ನಡುವೆ ಒಂದು ಮೊಳ, ಅಂದರೆ 45 ಸೆಂಟಿಮೀಟರ್ ಬಿಡಿ. ಬಟ್ಟೆ ಬೀರುವಿನೊಳಗೆ ಸೂಟ್‌ಕೇಸುಗಳನ್ನು ಸೀಲಿಂಗ್ ಮುಟ್ಟುವಂತೆ ಪೇರಿಸುವವರಿಗೂ ಇದೇ ಲೆಕ್ಕ. ನೀರು ಹರಡಲು ಜಾಗವಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಮನೆಯೊಳಗೆ ಕ್ರಿಕೆಟ್ ಆಡುವ ಮೊಮ್ಮಕ್ಕಳಿಗೆ ಸ್ಪಂಜಿನ ಚೆಂಡು ಕೊಡಿ.

ಕೆಲವು ಕಟ್ಟಡಗಳಲ್ಲಿ ಮೂಗುಬೊಟ್ಟು ಕಾಣುವುದಿಲ್ಲ, ರೂಪಾಯಿಯಂತೆ ಒಂದು ಚಪ್ಪಟೆ ಬಿಳಿ ಬಿಲ್ಲೆ ಮಾತ್ರ ಕಾಣುತ್ತದೆ. ಬಿಸಿಯಾದಾಗ ಅದರ ಬೆಸುಗೆ ಮೊದಲು ಕರಗಿ ಬಿಲ್ಲೆ ಬಿದ್ದುಹೋಗುತ್ತದೆ, ಒಳಗಿನದು ಕೆಳಗಿಳಿಯುತ್ತದೆ. ಮನೆಗೆ ಬಣ್ಣ ಹೊಡೆಸುವಾಗ ಆ ಬಿಲ್ಲೆಗೂ ಸೇರಿಸಿ ಬಳಿದರೆ ಅದು ಸೀಲಿಂಗಿಗೆ ಅಂಟಿಕೊಂಡು ಕೂರುತ್ತದೆ. ಬಣ್ಣ ತಾಗಿದ ಸ್ಪ್ರಿಂಕ್ಲರನ್ನು ಒರೆಸುವಂತಿಲ್ಲ, ಬದಲಾಯಿಸಬೇಕು. ಅದೂ ಮ್ಯಾನೇಜ್‌ಮೆಂಟಿಗೆ ಹೇಳಿ, ಪರವಾನಗಿ ಇದ್ದವರಿಂದ. ಹೀಟರನ್ನೋ ಬಿಸಿ ದೀಪವನ್ನೋ ಅದರ ಕೆಳಗೆ ಹತ್ತಿರದಲ್ಲಿ ಇಡುವುದೂ ಬೇಡ.

ಒಗ್ಗರಣೆಯ ವಿಷಯದಲ್ಲಿ ಒಂದು ಕಿವಿಮಾತು. ಮೆಣಸಿನಕಾಯಿ ಘಾಟು ಎದ್ದು ಅಲಾರಮ್ಮು ಕೂಗಿದರೆ ಓಣಿಯ ಕಡೆಯ ಬಾಗಿಲು ತೆರೆಯಬೇಡಿ. ಹೊಗೆ ಓಣಿಗೆ ಹೋದರೆ ಅಲ್ಲಿಯ ಯಂತ್ರ ಇಡೀ ಕಟ್ಟಡವನ್ನು ಎಬ್ಬಿಸುತ್ತದೆ, ನಾನೂರು ಜನ ಪೈಜಾಮದಲ್ಲಿ ಹಿಮದ ಮೇಲೆ ನಿಂತು ನಿಮ್ಮ ಪುಳಿಯೋಗರೆಯನ್ನು ನೆನೆಯುತ್ತಾರೆ. ಬಾಲ್ಕನಿ ಬಾಗಿಲು ತೆರೆಯಿರಿ, ಒಲೆಯ ಮೇಲಿನ ಫ್ಯಾನು ಹಾಕಿ. ಎಣ್ಣೆ ಬಾಣಲೆಗೇ ಬೆಂಕಿ ಹತ್ತಿದರೆ ನೀರು ಎರಚದೆ ಮುಚ್ಚಳ ಮುಚ್ಚಿ ಒಲೆ ಆರಿಸಿ.

ಚಳಿಗಾಲದಲ್ಲಿ ಎರಡು ತಿಂಗಳು ಊರಿಗೆ ಹೋಗುವುದು ನಮ್ಮವರ ಪದ್ಧತಿ. ಹೋಗುವಾಗ ಖರ್ಚು ಉಳಿಸಲು ಹೀಟು ಪೂರ್ತಿ ಆರಿಸಿ ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. ಕೊಳವೆಯ ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಕೊಳವೆ ಸೀಳುತ್ತದೆ, ಕರಗಿದಾಗ ಸುರಿಯುತ್ತದೆ. 2022ರ ಡಿಸೆಂಬರ್ 23ರ ಆ ಬಿರುಗಾಳಿ ನೆನಪಿದೆಯಲ್ಲ? ಅಂಥ ದಿನ ಬಾಲ್ಕನಿ ಬಾಗಿಲ ಒಂದು ಬೆರಳು ಸಂದಿಯೂ ಸಾಕು, ಅದರ ಪಕ್ಕದ ಕೊಳವೆ ಕೆಡಲು. ಹೀಟು 16ಕ್ಕೆ ಕಡಿಮೆಯಾಗದಂತೆ ಇಟ್ಟು, ಕಿಟಕಿಗಳನ್ನು ಒಮ್ಮೆ ಎಳೆದು ನೋಡಿ ಹೊರಡಿ. ನಿಮ್ಮ ಮನೆಯ ಕುಡಿಯುವ ನೀರಿನ ಕವಾಟವನ್ನು ಮುಚ್ಚಿ ಹೋಗಬಹುದು, ಹೋಗಬೇಕು ಕೂಡ. ಅದನ್ನು ಮುಚ್ಚಿದರೂ ಸ್ಪ್ರಿಂಕ್ಲರಿನ ನೀರು ಇದ್ದೇ ಇರುತ್ತದೆ, ಇರಲೇಬೇಕು. ನಂಬಿಕಸ್ಥರೊಬ್ಬರಿಗೆ ಬೀಗದ ಕೈ ಕೊಟ್ಟು ಆಗಾಗ ಬಂದು ನೋಡಲು ಹೇಳಿ. ಮನೆ ಖಾಲಿ ಇದ್ದಾಗ ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿದೆ. ಊರಿಗೆ ಹೊರಡುವ ಮುಂಚೆ ಓದಿಕೊಳ್ಳಿ.

ಇಷ್ಟೆಲ್ಲ ಹೇಳಿ ಸ್ಪ್ರಿಂಕ್ಲರಿನ ಮೇಲೆ ನಿಮಗೆ ದಿಗಿಲು ಹುಟ್ಟಿಸಿದೆವೇನೋ. ನಿಜ ಹೇಳಬೇಕೆಂದರೆ ಕಾಂಡೋಗಳಲ್ಲಿ ನೀರಿನ ಅನಾಹುತ ಹೆಚ್ಚಾಗಿ ಆಗುವುದು ಬಟ್ಟೆ ಒಗೆಯುವ ಯಂತ್ರದ ರಬ್ಬರ್ ಕೊಳವೆ ಒಡೆದು, ಪಾಯಿಖಾನೆಯ ತೊಟ್ಟಿ ಉಕ್ಕಿ, ಪಾತ್ರೆ ತೊಳೆಯುವ ಯಂತ್ರ ಸೋರಿ, ಸ್ನಾನದ ತೊಟ್ಟಿಗೆ ನೀರು ಬಿಟ್ಟು ಊರಿನ ಫೋನು ಎತ್ತಿಕೊಂಡು. ರಬ್ಬರ್ ಕೊಳವೆಯನ್ನು ತೆಗೆದು ಉಕ್ಕಿನ ಹೆಣಿಗೆಯದನ್ನು ಹಾಕಿಸಿ. ಒದ್ದೆಯಾದರೆ ಕಿರಿಚುವ ಪುಟ್ಟ ಬ್ಯಾಟರಿ ಪೆಟ್ಟಿಗೆಗಳು ಸಿಗುತ್ತವೆ, ಸಿಂಕಿನ ಅಡಿಯಲ್ಲಿ ಒಂದನ್ನು ಇಡಿ. 1990ರ ದಶಕದ ನಡುವಿನಿಂದ 2007ರವರೆಗೆ ಕಟ್ಟಿದ ಕಟ್ಟಡದಲ್ಲಿದ್ದರೆ ನಿಮ್ಮ ನೀರಿನ ಕೊಳವೆಗಳು ಕಿತ್ತಳೆ ಮತ್ತು ನೀಲಿ ಬಣ್ಣದ ಕೈಟೆಕ್ ಆಗಿವೆಯೇ ಎಂದು ವಿಚಾರಿಸಿ. ಅವು ಅಕಾಲದಲ್ಲಿ ಸೋರುತ್ತವೆಂದು ಸಾಬೀತಾಗಿ ಟೊರಾಂಟೋ ಸುತ್ತಲಿನ ಎಷ್ಟೋ ಕಟ್ಟಡಗಳಲ್ಲಿ ಬದಲಾಯಿಸಿದ್ದಾರೆ.

ಸ್ಪ್ರಿಂಕ್ಲರ್ ಇಲ್ಲದೆ ಮನೆ ಹತ್ತಿ ಉರಿದರೆ ಬರುವ ನೀರು ಯಾವುದು? ಅಗ್ನಿಶಾಮಕದವರ ಹೋಸಿನದು. ಒಂದು ಹೋಸು ನಿಮಿಷಕ್ಕೆ 500 ಲೀಟರಿಗೂ ಮೇಲೆ ಸುರಿಯುತ್ತದೆ, ಅದೂ ಬೆಂಕಿ ದೊಡ್ಡದಾದ ಮೇಲೆ. ನಮ್ಮ ಘಟನೆಯ ನಂತರ ಕಟ್ಟಡದ ಸಭೆಯಲ್ಲಿ ಒಬ್ಬರು ಎದ್ದು, ಈ ಪೀಡೆಗಳಿಗೆಲ್ಲ ಟೇಪು ಸುತ್ತಿಬಿಡೋಣ ಎಂದರು. ಚಪ್ಪಾಳೆ ಬಿತ್ತು. ನಾವು ಎದ್ದು, ನೆನೆದದ್ದು ನಮ್ಮ ಮನೆಯೇ, ನಮ್ಮ ಅಭಿಪ್ರಾಯ ಬೇರೆ ಎಂದೆವು. ಕೆ.ಆರ್. ಆಸ್ಪತ್ರೆಯ ಸೊಳ್ಳೆಪರದೆಗಳನ್ನು ಆ ಸಭೆಗೆ ವಿವರಿಸುವುದು ಸಾಧ್ಯವಿರಲಿಲ್ಲ, ಲೀಲ್ ವೆರ್ತ್‌ನ ಎರಡು ಭಾಗಗಳ ಕತೆ ಹೇಳಿದೆವು. ಟೇಪಿನ ಮಾತು ಅಲ್ಲಿಗೆ ನಿಂತಿತು.

ಒಂದು ವೇಳೆ ನಿಮ್ಮ ಮನೆಯಲ್ಲಿ ಇದು ಆದರೆ: ಬೆಂಕಿ ಇದ್ದರೆ ಹೊರಟುಬಿಡಿ, ಬಾಗಿಲು ಎಳೆದುಕೊಳ್ಳಿ, ಬೀಗ ಹುಡುಕಬೇಡಿ. ಬೆಂಕಿ ಇಲ್ಲದೆ ಒಡೆದಿದ್ದರೆ 911ಕ್ಕೂ ಕಟ್ಟಡದ ಕಾವಲಿನವರಿಗೂ ಕೂಡಲೇ ಫೋನು ಮಾಡಿ, ಬೆಂಕಿ ಇಲ್ಲ ಎಂದು ಸ್ಪಷ್ಟವಾಗಿ ಹೇಳಿ. ಕವಾಟ ಬೇಗ ಮುಚ್ಚಲು ಅದು ಸಹಾಯ. ಕಾವಲಿನವರ ನಂಬರು ಫೋನಿನಲ್ಲಷ್ಟೇ ಇದ್ದರೆ ಸಾಲದು, ಬಾಗಿಲ ಹಿಂದೆ ಬರೆದು ಅಂಟಿಸಿ. ನೀರಿನಲ್ಲಿ ನಿಂತು ಸ್ವಿಚ್ಚು ಮುಟ್ಟಬೇಡಿ. ಪಾಸ್‌ಪೋರ್ಟು, ಪೌರತ್ವದ ಕಾಗದ, ಔಷಧಿಗಳು ಒಂದೇ ಚೀಲದಲ್ಲಿದ್ದರೆ ಆ ಹೊತ್ತಿಗೆ ತಲೆ ಕೆಲಸ ಮಾಡಬೇಕಾಗಿಲ್ಲ. ಆಮೇಲೆ ಎಲ್ಲದರ ಫೋಟೋ ತೆಗೆಯಿರಿ, ಒದ್ದೆ ಚಾಪೆಯನ್ನೂ ಎಸೆಯುವ ಮೊದಲು.

ಆರೋಗ್ಯದ ಮಾತನ್ನೂ ಆಡಿಬಿಡುತ್ತೇವೆ, ಇಲ್ಲವಾದರೆ ಡಾಕ್ಟರ್ ಬರೆದದ್ದಕ್ಕೆ ಏನು ಸಾರ್ಥಕ. ಒದ್ದೆ ಗೋಡೆ, ಒದ್ದೆ ಕಾರ್ಪೆಟ್ಟುಗಳಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಹುಟ್ಟಲು ಶುರುವಾಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಗೋಡೆಯ ಒಳಗೆ ತೇವ ಉಳಿಯುತ್ತದೆ. ಅಸ್ತಮಾ ಇರುವ ಮಕ್ಕಳಿಗೆ, ವಯಸ್ಸಾದವರಿಗೆ ಅದರ ಗಾಳಿ ಒಗ್ಗದು. "ಕಿಟಕಿ ತೆಗೆದರೆ ಒಣಗುತ್ತದೆ ಬಿಡಿ" ಎಂಬುದು ಬೆಂಗಳೂರಿನ ಬೇಸಿಗೆಗೆ ಸರಿ, ಇಲ್ಲಿಯ ನವೆಂಬರಿಗಲ್ಲ. ದೊಡ್ಡ ಫ್ಯಾನು, ತೇವ ಹೀರುವ ಯಂತ್ರ ಇಡಿಸಿ, ನೆನೆದ ಗೋಡೆಯ ಕೆಳಭಾಗವನ್ನು ಕತ್ತರಿಸಿ ತೆಗೆಸಬೇಕು. ನಾವು ಮೂರು ವಾರ ಮಗಳ ಮನೆಯಲ್ಲಿದ್ದೆವು.

ಮೇಲಿನ ಮನೆಯವರು ಮರುವಾರವೇ ಬಂದು ಕಣ್ಣಲ್ಲಿ ನೀರು ಹಾಕಿಕೊಂಡರು. ಅವರ ವಿಮೆಯಲ್ಲಿ ಡಿಡಕ್ಟಿಬಲ್‌ಗೆ ಸಾಕಷ್ಟು ಹಣವಿರಲಿಲ್ಲ. ಕಂತಿನಲ್ಲಿ ಕಟ್ಟಿದರೆಂದು ಕೇಳಿದೆವು. ಅಮ್ಮ ಆ ಮಗುವಿಗೆ ಕೊಬ್ಬರಿ ಮಿಠಾಯಿ ಕೊಟ್ಟು ಕಳಿಸಿದರು.

ಸ್ಪ್ರಿಂಕ್ಲರ್ ಇಲ್ಲದ ಹಳೆಯ ಗೋಪುರಗಳಲ್ಲಿರುವ ಬಂಧುಗಳು ಎರಡು ಮೆಟ್ಟಿಲ ದಾರಿಗಳನ್ನೂ ಒಮ್ಮೆ ನಡೆದು ನೋಡಿ, ಯಾವುದು ಎಲ್ಲಿಗೆ ಇಳಿಯುತ್ತದೆ ಎಂದು ತಿಳಿದುಕೊಳ್ಳಿ. ಓಣಿಯ ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟು ತೆರೆದಿಡುವವರನ್ನು ಕಂಡರೆ ಇಟ್ಟಿಗೆ ತೆಗೆಯಿರಿ, ಆ ಬಾಗಿಲಿರುವುದೇ ಹೊಗೆ ತಡೆಯಲು. ನಡೆಯಲಾಗದ ಹಿರಿಯರು ಮನೆಯಲ್ಲಿದ್ದರೆ, ಸಹಾಯ ಬೇಕಾದವರ ಪಟ್ಟಿಯೊಂದನ್ನು ಕಟ್ಟಡದವರು ಇಟ್ಟಿರುತ್ತಾರೆ, ಅದರಲ್ಲಿ ಹೆಸರು ಬರೆಸಿ. ಊರಿನಿಂದ ಆರು ತಿಂಗಳಿಗೆ ಬಂದ ಅತ್ತೆ ಮಾವಂದಿರ ಹೆಸರನ್ನೂ ಬರೆಸಬಹುದು; ಯಾರೂ ವೀಸಾ ಕೇಳುವುದಿಲ್ಲ.

ಸಂಪಾದಕರು ಎರಡು ಹಾಳೆ ಎಂದಿದ್ದರು, ಮೂರಾಯಿತು. ಮುಂದಿನ ತಿಂಗಳು ನಮ್ಮ ಕಟ್ಟಡದಲ್ಲಿ ವರ್ಷದ ತಪಾಸಣೆ. ಇಬ್ಬರು ಬಂದು ಏಣಿ ಹಾಕಿ ಮೂಗುಬೊಟ್ಟುಗಳನ್ನು ಒಂದೊಂದಾಗಿ ನೋಡಿ ಹೋಗುತ್ತಾರೆ. ಪ್ರಶ್ನೆ ಕೇಳಿದರೆ ಸಂತೋಷದಿಂದ ಉತ್ತರಿಸುತ್ತಾರೆ. ಹತ್ತಿರದಲ್ಲಿರುವ ಯಾರಿಗಾದರೂ ಕುತೂಹಲವಿದ್ದರೆ ನಮಗೆ ಫೋನು ಮಾಡಿ ಬನ್ನಿ. ಅಮ್ಮ ಅವರಿಗೆಂದು ಕಾಫಿ ಮಾಡಿಸಿಯೇ ಇರುತ್ತಾರೆ, ಇನ್ನೆರಡು ಲೋಟ ಹೆಚ್ಚಾದರೆ ಕಷ್ಟವಿಲ್ಲ.